ಕಣದ ಆಯವೂ ಇಂದಿನ ಪ್ರಶಸ್ತಿಗಳೂ

ಸವಣೂರು ತಾಲೂಕಿನ ಹತ್ತಿಮತ್ತೂರು ಸೀಮೆಯ ಹಿರಿಯ ಒಕ್ಕಲಿಗರಿಗೆ ಆಯದ ರೂಢಿಯನ್ನು ಹೊಸದಾಗಿ ತಿಳಿಸಬೇಕಾದದ್ದಿಲ್ಲ. ಸುಗ್ಗಿಯಲ್ಲಿ ರಾಶಿ ತೂರಿ ಮುಗಿದ ಮೇಲೆ, ಧಾನ್ಯವು ಹಗೇವಿಗೆ ಹೋಗುವ ಮೊದಲು, ಬಡಿಗ ಕಮ್ಮಾರ ಮೊದಲಾದ ಆಯಗಾರರಿಗೆ ಕಣದಲ್ಲಿಯೇ ಅಳೆದು ಕೊಡುತ್ತಿದ್ದರು. ಬೆಳೆಯು ಹೊಲದೊಡೆಯನೊಬ್ಬನ ದುಡಿಮೆಯಿಂದ ಬಂದದ್ದಲ್ಲ, ಕೂರಿಗೆಯ ತಾಳು ಕೆತ್ತಿದವನ ಮತ್ತು ಕುಂಟೆಯ ಕುಡ ಹಣಿದವನ ಕೈಯೂ ಅದರಲ್ಲಿ ಕೂಡಿದೆ ಎಂದು ನಮ್ಮ ಹಿರಿಯರು ಒಪ್ಪಿಕೊಂಡಿದ್ದರೆಂಬುದಕ್ಕೆ ಆ ಆಯವೇ ಸಾಕ್ಷಿಯು. ಆ ರೂಢಿಯು ಈಗ ಬಹುಮಟ್ಟಿಗೆ ನಿಂತುಹೋಗಿದೆ. ಅದರ ಸ್ಥಳದಲ್ಲಿ ಸರಕಾರದವರೂ ವಿಶ್ವವಿದ್ಯಾಲಯದವರೂ ಕೊಡುವ ಪ್ರಶಸ್ತಿಗಳು ಬಂದಿವೆ. ಇವು ಯಾರ ಕೈಗೆ ಮುಟ್ಟುತ್ತವೆ, ಯಾರನ್ನು ದಾಟಿ ಹೋಗುತ್ತವೆ ಎಂಬುದನ್ನು ಊರಿನ ಪ್ರಮುಖರು ವಿಚಾರಿಸಬೇಕಾಗಿದೆ.

ರಾಜ್ಯದ ಕೃಷಿ ಇಲಾಖೆಯವರು ನಡೆಸುವ ಬೆಳೆ ಸ್ಪರ್ಧೆಯಿಂದ ದೊರೆಯುವ ಕೃಷಿ ಪ್ರಶಸ್ತಿಯು ತಾಲೂಕು, ಜಿಲ್ಲೆ, ರಾಜ್ಯ ಎಂದು ಮೂರು ಮಟ್ಟದಲ್ಲಿ ಉಂಟು. ಅಳೆದ ತಾಕಿನಲ್ಲಿ ಬೆಳೆಯನ್ನು ಕೊಯ್ದು, ತೂಗಿ, ಹೆಚ್ಚು ಇಳುವರಿ ತೆಗೆದವನಿಗೆ ಬಹುಮಾನ ಕೊಡುವದು ಅದರ ಕ್ರಮವು. ಹೊಸ ಪದ್ಧತಿಯನ್ನು ಕಂಡುಕೊಂಡು ಒಕ್ಕಲುತನ ಸುಧಾರಿಸಿದವರಿಗೆ ಕೃಷಿ ಪಂಡಿತ ಪ್ರಶಸ್ತಿಯುಂಟು. 1986ರಲ್ಲಿ ಸ್ಥಾಪಿತವಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ತಮ್ಮ ಕೃಷಿ ಮೇಳದಲ್ಲಿ ಶ್ರೇಷ್ಠ ಕೃಷಿಕ, ಶ್ರೇಷ್ಠ ಕೃಷಿ ಮಹಿಳೆ ಎಂದು ಆರಿಸಿ ಗೌರವಿಸುತ್ತಾರೆ. ಇವೆಲ್ಲವೂ ಒಳ್ಳೆಯವೇ. ಆದರೆ ಇಳುವರಿಯನ್ನಷ್ಟೇ ತೂಗಿ, ಅದಕ್ಕೆ ಸುರಿದ ಗೊಬ್ಬರ ಔಷಧಿಗಳ ವೆಚ್ಚವನ್ನು ತೂಗದಿದ್ದರೆ ಹೆಚ್ಚು ಹಣ ಹಾಕಬಲ್ಲವನೇ ಗೆಲ್ಲುವ ಸಂಭವವುಂಟೆಂದು ಈ ಲೇಖಕನ ಅಭಿಪ್ರಾಯವು. ಅದಿರಲಿ. ಇವುಗಳಿಗೆಲ್ಲ ಹೊಲವೇ ಆಧಾರವು. ಹೊಲವಿಲ್ಲದ ಕಸುಬಿನವನು, ಅಂದರೆ ಊರ ಬಾಗಿಲ ತಿದಿಯ ಮುಂದೆ ಕುಳಿತು ಟ್ರಾಕ್ಟರಿನ ಕೂರಿಗೆಯನ್ನು ನಮ್ಮ ಎರೆ ಭೂಮಿಗೆ ತಕ್ಕಂತೆ ತಿದ್ದಿ ಕೊಡುವವನು, ಈ ಪಂಕ್ತಿಯಲ್ಲಿ ಎಲ್ಲಿ ಕೂಡ್ರಬೇಕು?

ಅವನಿಗೂ ಸ್ಥಳವಿದೆಯೆಂಬುದಕ್ಕೆ ನಿದರ್ಶನವು ನೆರೆಯ ಧಾರವಾಡ ಜಿಲ್ಲೆಯಲ್ಲಿಯೇ ಇದೆ. ಅಣ್ಣಿಗೇರಿಯ ಅಬ್ದುಲ್ ಖಾದರ ನಡಕಟ್ಟಿನ ಇವರು ಒಕ್ಕಲುತನದ ಮನೆಯಲ್ಲಿ ಹುಟ್ಟಿದವರು. ಬೆಳಗಿನಲ್ಲಿ ಬೇಗ ಏಳಲು ಅವರಿಗೆ ಆಗುತ್ತಿರಲಿಲ್ಲವಂತೆ. ಅದಕ್ಕಾಗಿ ಗಡಿಯಾರದ ಗಂಟೆಯ ಕೀಲಿಗೆ ದಾರ ಕಟ್ಟಿ, ಹೊತ್ತಿಗೆ ಸರಿಯಾಗಿ ನೀರಿನ ಬಾಟಲಿಯು ತಮ್ಮ ಮುಖದ ಮೇಲೆ ಬಗ್ಗುವಂತೆ ಮಾಡಿಕೊಂಡರು. ಅವರ ಮೊದಲನೆಯ ಯಂತ್ರವು ಇದೇ ಎಂದು ಹೇಳುವರು. ಮುಂದೆ ಹುಣಸೆಯ ತೋಟ ಮಾಡಿದರು. ಜನರು ಅವರನ್ನು ಹುಣಸೆ ಹುಚ್ಚನೆಂದು ಕರೆದರು. ಹಣ್ಣಿನಿಂದ ಬೀಜ ತೆಗೆಯುವದು ಎಷ್ಟು ಕೈಗಳ, ಎಷ್ಟು ದಿನಗಳ ಕೆಲಸವೆಂಬುದು ಹುಣಸೆ ಜಜ್ಜಿದ ಮನೆಯವರೆಲ್ಲ ಬಲ್ಲ ಸಂಗತಿಯು. ಅವರು ಅದಕ್ಕೂ ಒಂದು ಯಂತ್ರ ಕಟ್ಟಿದರು. ಬೀಜ ಗೊಬ್ಬರಗಳನ್ನು ಒಂದೇ ಸಲಕ್ಕೆ ಬಿತ್ತುವ ಕೂರಿಗೆಯು ಅವರಿಗೆ ಹೆಚ್ಚಿನ ಹೆಸರು ತಂದಿತು. ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನದವರು 2015ರಲ್ಲಿ ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿಯನ್ನಿತ್ತರು. 2022ರಲ್ಲಿ ಪದ್ಮಶ್ರೀಯು ಬಂದಿತು. ಆ ಪದ್ಮಶ್ರೀಯನ್ನು ಒಕ್ಕಲುತನದ ವರ್ಗದಲ್ಲಿ ಎಣಿಸಲಿಲ್ಲ, ತಳಮಟ್ಟದ ನವಶೋಧವೆಂಬ ವರ್ಗದಲ್ಲಿ ಕೊಟ್ಟರು. ಇದು ಲಕ್ಷ್ಯದಲ್ಲಿಡತಕ್ಕ ಸಂಗತಿಯು. ವರ್ಗವು ಇಲ್ಲದಿದ್ದರೆ ಕೆಲಸವೂ ಕಣ್ಣಿಗೆ ಬೀಳುವದಿಲ್ಲ.

ಇದಕ್ಕೂ ನೂರು ವರ್ಷ ಹಿಂದಿನ ಮಾತೊಂದನ್ನು ಇಲ್ಲಿ ನೆನೆಯಬಹುದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣವು ತಗಲಿದರೆ ಭೂಮಿಗೆ ವಿಷವೇರುವದೆಂದು ಒಕ್ಕಲಿಗರು ಹಿಂಜರಿದರು. ಮೊದಲಿನ ನೇಗಿಲು ಮಾರುವದಕ್ಕೆ ಎರಡು ವರ್ಷ ಹಿಡಿಯಿತೆಂದು ಪ್ರಸಿದ್ಧವಿದೆ. 1910ರಲ್ಲಿ ಅವರು ಬೆಳಗಾವಿಯನ್ನು ಬಿಟ್ಟು ಔಂಧ ಸಂಸ್ಥಾನದಲ್ಲಿ ಕಾರಖಾನೆ ಹೂಡಿದರು. ಕಿರ್ಲೋಸ್ಕರವಾಡಿಯು ಬೆಳೆದದ್ದು ಅಲ್ಲಿ. ಗುಣವನ್ನು ಹೊತ್ತಿಗೆ ಸರಿಯಾಗಿ ಗುರುತಿಸುವವರು ದೊರೆಯದೆ ಎಷ್ಟು ಕಸುಬುಗಳು ಊರು ಬಿಟ್ಟಿರುವವೋ ಲೆಕ್ಕವಿಟ್ಟವರಾರು?

ಹೆಂಗಸರ ಮಾತನ್ನೂ ಆಡಲೇಬೇಕು. ಧಾರವಾಡದಲ್ಲಿ ಡಾಕ್ಟರ ಕಟರಕಿಯವರು 1972ರಲ್ಲಿ ವರಲಕ್ಷ್ಮಿ ಎಂಬ ಸಂಕರ ಹತ್ತಿಯನ್ನು ಹೊರತಂದ ಮೇಲೆ ಸಂಕರ ಬೀಜ ಮಾಡುವದು ಒಂದು ಕಸುಬೇ ಆಯಿತು. ಹಾವೇರಿ ಜಿಲ್ಲೆಯಲ್ಲಿ, ಮುಖ್ಯವಾಗಿ ರಾಣೇಬೆನ್ನೂರಿನ ಕಡೆಗೆ, ಅದು ಬಹಳ ಬೆಳೆದಿದೆ. ಸಂಜೆಯ ಹೊತ್ತಿಗೆ ಮೊಗ್ಗನ್ನು ಬಿಡಿಸಿ ಗಂಡು ಭಾಗವನ್ನು ತೆಗೆಯಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಪರಾಗವನ್ನು ಮುಟ್ಟಿಸಬೇಕು. ಒಂದೊಂದು ಹೂವಿಗೂ ಈ ಕೆಲಸವನ್ನು ಮಾಡುವ ಬೆರಳುಗಳು ಹೆಚ್ಚಾಗಿ ಕೂಲಿಯ ಹೆಣ್ಣುಮಕ್ಕಳವು. ಬೀಜವು ಶುದ್ಧವಾಗುವದೂ ಕೆಡುವದೂ ಅವರ ಕೈಯಲ್ಲಿದೆ. ಪ್ರಮಾಣಪತ್ರವಾದರೋ ಹೊಲದೊಡೆಯನ ಹೆಸರಿಗೆ ಬರುತ್ತದೆ. ಕುಶಲ ಕೈಗೆಲಸದವರಿಗೆಂದು ಗ್ರಾಮ ಪಂಚಾಯತಿಯವರು ವರ್ಷಕ್ಕೊಂದು ಗೌರವವನ್ನು ಇಟ್ಟುಕೊಂಡರೆ ಅದಕ್ಕೆ ಹೆಚ್ಚಿನ ವೆಚ್ಚವೇನೂ ತಗಲದು.

ಒಬ್ಬ ವ್ಯಕ್ತಿಗಲ್ಲದೆ ಒಂದು ಸೀಮೆಗೇ ಬರುವ ಮನ್ನಣೆಯೂ ಉಂಟು. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಇನ್ನು ತಳಿಗಳ ಸಂರಕ್ಷಣೆಯ ವಿಷಯದಲ್ಲಿ, ಕಾಸರಗೋಡಿನ ಸತ್ಯನಾರಾಯಣ ಬೇಳೇರಿಯವರು 650ಕ್ಕೂ ಮಿಕ್ಕಿ ಭತ್ತದ ತಳಿಗಳನ್ನು ಕಾಪಾಡಿದ್ದಕ್ಕೆ 2024ರಲ್ಲಿ ಪದ್ಮಶ್ರೀ ಪಡೆದದ್ದನ್ನು ಹಲವರು ಓದಿರಬಹುದು.

ಇನ್ನು ಮಾಡತಕ್ಕ ಕೆಲಸ. ಬೆಳೆ ಸ್ಪರ್ಧೆಯ ವಿಚಾರವನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಬಿತ್ತಿಗೆಯ ಕಾಲಕ್ಕೇ ಕೇಳಿಕೊಳ್ಳಬೇಕು. ಕೊಯ್ಲಿನ ಮೇಲೆ ಹೋದರೆ ಪ್ರಯೋಜನವಿಲ್ಲ. ಪದ್ಮ ಪ್ರಶಸ್ತಿಗಳಿಗೆ 2016ರಿಂದ ಸಾಮಾನ್ಯ ನಾಗರಿಕರು ಕೂಡ ಅಂತರ್ಜಾಲದ ಮೂಲಕ ಹೆಸರು ಸೂಚಿಸಬಹುದಾಗಿದೆ. ಯಾವ ದೊಡ್ಡವರ ಶಿಫಾರಸೂ ಬೇಕಿಲ್ಲ. ಕಸುಬಿನವರು ಸ್ವಂತ ಬುದ್ಧಿಯಿಂದ ಹೊಸ ಸಾಧನವನ್ನು ಮಾಡಿದ್ದರೆ ಗಾಂಧಿನಗರದ ನಾವೀನ್ಯ ಪ್ರತಿಷ್ಠಾನಕ್ಕೆ ತಿಳಿಸಬೇಕು. ಪೇಟೆಂಟು ಪಡೆಯುವದಕ್ಕೆ ಅವರು ನೆರವಾಗುವರು. ಇಲ್ಲಿ ಒಂದು ಎಚ್ಚರಿಕೆ: ಸಾಧನವನ್ನು ಜಾತ್ರೆಯಲ್ಲಿಯೋ ಮೇಳದಲ್ಲಿಯೋ ತೋರಿಸಿ, ಮಾರಿ, ಆಮೇಲೆ ಪೇಟೆಂಟು ಕೇಳಿದರೆ ಅದು ದೊರೆಯುವದು ಕಠಿಣವು. ಆದುದರಿಂದ ಅರ್ಜಿಯನ್ನು ಮೊದಲು ಮಾಡತಕ್ಕದ್ದು.

ಕಸುಬಿನವನಿಗೆ ಕಾಗದಪತ್ರದ ರೂಢಿಯು ಸಾಮಾನ್ಯವಾಗಿ ಇರುವದಿಲ್ಲ. ಸಾಧನವನ್ನು ಯಾವ ವರ್ಷ ಮಾಡಿದನು, ಯಾರು ಯಾರು ಕೊಂಡರು, ಎಕರೆಗೆ ಎಷ್ಟು ಆಳು ಉಳಿಯಿತು ಎಂಬುದನ್ನು ಅವನ ಬಾಯಿಂದ ಕೇಳಿ, ಕೊಂಡವರ ಸಹಿ ಹಾಕಿಸಿ, ಒಂದು ಚಿತ್ರದೊಡನೆ ಬರೆದಿಡುವ ಕೆಲಸವನ್ನು ಊರಿನ ಪ್ರಮುಖರೇ ಈ ಮುಂಗಾರಿಯ ಮೊದಲು ಮಾಡಿಸಬೇಕು.