ಇನಾಸಾ ಬೆಟ್ಟದ ಮೇಲಿಂದ ನಾಗಸಾಕಿ

ನಾಗಸಾಕಿ ಎಂಬ ಹೆಸರು ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಬಂದು ಹೋಗುತ್ತದೆ. ಮೊದಲು ಹಿರೋಷಿಮಾ, ಆಮೇಲೆ ನಾಗಸಾಕಿ. ಎರಡು ದಿನಾಂಕ, ಎರಡು ಅಣುಬಾಂಬು. ಪರೀಕ್ಷೆಗೆ ಅಷ್ಟು ಸಾಕು. ಆದರೆ ಸ್ವಲ್ಪ ಯೋಚಿಸಿದರೆ ಒಂದು ಪ್ರಶ್ನೆ ಏಳುತ್ತದೆ. ನಾಗಸಾಕಿಯ ಮೇಲೆ ಹಾಕಿದ ಬಾಂಬು ಹಿರೋಷಿಮಾದ ಬಾಂಬಿಗಿಂತ ಹೆಚ್ಚು ಶಕ್ತಿಯದು. ಹಾಗಿದ್ದರೂ ನಾಗಸಾಕಿಯಲ್ಲಿ 1634ರಲ್ಲಿ ಕಟ್ಟಿದ ಕಲ್ಲಿನ ಸೇತುವೆ, 1863ರ ಮರದ ಮನೆ ಇಂದಿಗೂ ನಿಂತಿವೆ. ಅರ್ಧ ಊರು ಸುಟ್ಟುಹೋಗಿ ಇನ್ನರ್ಧ ಹೇಗೆ ಉಳಿಯಿತು?

ಇದಕ್ಕೆ ಉತ್ತರ ಇನಾಸಾ ಎಂಬ ಬೆಟ್ಟದ ಮೇಲೆ ನಿಂತರೆ ಕಣ್ಣಿಗೇ ಕಾಣುತ್ತದೆ. ಕಳೆದ ಬೇಸಿಗೆ ರಜೆಯಲ್ಲಿ ನಾನು ಮನೆಯವರೊಂದಿಗೆ ಅಲ್ಲಿ ಒಂದು ದಿನ ಕಳೆದೆ. ಅಲ್ಲಿ ನೋಡಿದ್ದನ್ನು, ಕೇಳಿ ತಿಳಿದದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳಲು ಈ ಲೇಖನ.

ಬೆಟ್ಟಕ್ಕೆ ಹೋಗುವ ದಾರಿ

ಇನಾಸಾ ಬೆಟ್ಟದ ಎತ್ತರ 333 ಮೀಟರ್. ಟೋಕಿಯೋ ಟವರ್‌ನ ಎತ್ತರವೂ ಅಷ್ಟೇ. ಪಶ್ಚಿಮ ಘಟ್ಟ ನೋಡಿ ಬೆಳೆದ ನಮಗೆ ಇದು ಬೆಟ್ಟವಲ್ಲ, ಗುಡ್ಡ. ಆದರೆ ಇದು ಬಂದರಿನ ಅಂಚಿನಿಂದಲೇ ಮೇಲೇಳುವುದರಿಂದ ತುದಿಯಲ್ಲಿ ನಿಂತವರಿಗೆ ಇಡೀ ಊರು ಕಾಲ ಬುಡದಲ್ಲಿ ಹರಡಿಕೊಂಡಂತೆ ಕಾಣುತ್ತದೆ.

ನನ್ನ ಭಾವ ನಾಗಸಾಕಿಯಲ್ಲಿ ಸಂಶೋಧನೆ ಮಾಡುತ್ತಿದ್ದಾರೆ. ಅಕ್ಕ ಮತ್ತು ಅವರ ಎಂಟು ವರ್ಷದ ಮಗ ಅಲ್ಲೇ ಇದ್ದಾರೆ. ನಾವು ಹೋದದ್ದು ಮೇ ತಿಂಗಳ ಮೊದಲ ವಾರ. ಆಗ ಜಪಾನಿನಲ್ಲಿ ಸಾಲು ಸಾಲು ರಜೆ. ಅದನ್ನು ಗೋಲ್ಡನ್ ವೀಕ್ ಎನ್ನುತ್ತಾರೆ. ಭಾವನ ಪುಟ್ಟ ಕಾರಿನಲ್ಲಿ ನಾಲ್ವರಿಗೆ ಮಾತ್ರ ಜಾಗ. ಹಾಗಾಗಿ ಅಬ್ಬಾ ಮತ್ತು ನಾನು ರೋಪ್‌ವೇ ಹಿಡಿದೆವು. 1959ರಲ್ಲಿ ಆರಂಭವಾದ ಈ ರೋಪ್‌ವೇ 1,090 ಮೀಟರ್ ದೂರವನ್ನು ಸುಮಾರು ಐದು ನಿಮಿಷದಲ್ಲಿ ದಾಟುತ್ತದೆ. ಬುಡದಲ್ಲಿ ಮನೆಗಳ ಹೆಂಚು, ಆಮೇಲೆ ಮರಗಳ ತಲೆ, ಆಮೇಲೆ ಬಂದರು. ಎತ್ತರವೆಂದರೆ ಹೆದರುವ ಅಬ್ಬಾ ಗಾಜಿನ ಕಡೆ ಬೆನ್ನು ಹಾಕಿ ನಿಂತಿದ್ದರು. ಅರ್ಧ ದಾರಿಯಾದ ಮೇಲೆ ಅವರೇ ತಿರುಗಿ ನೋಡತೊಡಗಿದರು.

ತುದಿಯಿಂದ ಸ್ವಲ್ಪ ಕೆಳಗೆ ಇನಾಸಾ ಪಾರ್ಕ್ ಇದೆ. ಎರಡರ ನಡುವೆ ಹಳಿಯ ಮೇಲೆ ನಿಧಾನವಾಗಿ ಹತ್ತಿಳಿಯುವ ಸ್ಲೋಪ್ ಕಾರ್ 2020ರಿಂದ ಓಡುತ್ತಿದೆ. ಅದರಲ್ಲಿ ಇಳಿದು ಪಾರ್ಕಿಗೆ ಬಂದಾಗ ಉಳಿದವರು ಹುಲ್ಲಿನ ಮೇಲೆ ಚಾಪೆ ಹಾಸಿ ಕುಳಿತಿದ್ದರು. ಗುಡ್ಡದ ಇಳಿಜಾರಿನಲ್ಲಿ ಅಜೇಲಿಯಾ ಹೂಗಳು ಗುಲಾಬಿ, ಬಿಳಿ ಬಣ್ಣಗಳಲ್ಲಿ ಅರಳಿದ್ದವು. ಜಿಂಕೆಗಳನ್ನು ನೋಡಲು ಮಕ್ಕಳ ಗುಂಪು ಸೇರಿತ್ತು.

ಅಕ್ಕ ಬುತ್ತಿ ಕಟ್ಟಿ ತಂದಿದ್ದಳು: ಪುಲಾವ್, ಬೇಯಿಸಿದ ಮೊಟ್ಟೆ, ಅಮ್ಮಿ ಊರಿನಿಂದ ಹೊತ್ತು ತಂದ ಉಪ್ಪಿನಕಾಯಿ. ಈ ಊರಿನ ಪ್ರಸಿದ್ಧ ತಿನಿಸು ಚಾಂಪೊನ್ ನೂಡಲ್ಸ್. ಅದರ ಸಾರಿಗೆ ಹಂದಿಯ ಎಲುಬು ಬಳಸುವುದರಿಂದ ನಮಗೆ ಬುತ್ತಿಯೇ ಗತಿ. ಊಟದ ನಡುವೆ ಅಕ್ಕನ ಮಗ ಬ್ರೆಡ್ಡಿನ ಪೊಟ್ಟಣ ತೋರಿಸಿ "ಪಾನ್ ಬೇಕು" ಎಂದ. ಅಮ್ಮಿ ಎಲೆ ಅಡಿಕೆಯ ಪಾನ್ ಎಂದುಕೊಂಡು ಗಾಬರಿಯಾದರು! ಜಪಾನಿ ಭಾಷೆಯಲ್ಲಿ ಬ್ರೆಡ್ಡಿಗೆ ಪಾನ್ ಎನ್ನುತ್ತಾರೆ. ಅದು ಪೋರ್ಚುಗೀಸ್ ಮಾತು. ನಮ್ಮ ಪಾವ್ ಭಾಜಿಯ ಪಾವ್ ಕೂಡ ಅದೇ ಮಾತಿನಿಂದ ಬಂದದ್ದು. ನಮ್ಮ ನೆರೆಯ ಗೋವಾದಲ್ಲಿ ನೆಲೆ ಊರಿದ್ದ ಪೋರ್ಚುಗೀಸರೇ ಅಲ್ಲಿಂದ ಪೂರ್ವಕ್ಕೆ ಹಡಗು ನಡೆಸಿ ನಾಗಸಾಕಿಯನ್ನೂ ಮುಟ್ಟಿದ್ದರು. ಒಂದೇ ಮಾತು ಎರಡು ತೀರಗಳಲ್ಲಿ ಉಳಿದುಕೊಂಡಿದೆ.

ಒರಳಿನಂಥ ಊರು

ಸಂಜೆಗೆ ಮುನ್ನ ಎಲ್ಲರೂ ತುದಿಗೆ ಹೋದೆವು. ಅಲ್ಲಿನ ವೀಕ್ಷಣಾ ಕಟ್ಟಡ ದುಂಡಗಿದೆ, ಪ್ರವೇಶಕ್ಕೆ ಹಣವಿಲ್ಲ. ಚಾವಣಿಯ ಮೇಲೆ ನಿಂತು ಒಂದು ಸುತ್ತು ತಿರುಗಿದರೆ ಊರಿನ ರಚನೆ ಪೂರ್ತಿ ತಿಳಿಯುತ್ತದೆ. ಪಶ್ಚಿಮಕ್ಕೆ ಸಮುದ್ರ ಮತ್ತು ದ್ವೀಪಗಳು. ದಕ್ಷಿಣಕ್ಕೆ ಬಂದರಿನ ಬಾಯಿ. ಅದರ ಮೇಲೆ 2005ರಲ್ಲಿ ತೆರೆದ ಮೆಗಾಮಿ ಸೇತುವೆ. ಪೂರ್ವಕ್ಕೆ ಬಂದರಿನಾಚೆ ಹಳೆಯ ಪೇಟೆ. ಉತ್ತರಕ್ಕೆ ಉರಾಕಾಮಿ ಎಂಬ ಉದ್ದನೆಯ ಕಣಿವೆ. ಪೇಟೆಗೂ ಈ ಕಣಿವೆಗೂ ನಡುವೆ ಕೊಂಪಿರಾ ಎಂಬ ಬೆಟ್ಟ ಗೋಡೆಯಂತೆ ನಿಂತಿದೆ.

ಇಂಥ ನೆಲವನ್ನು ಜಪಾನಿನವರು ಸುರಿಬಾಚಿಗೆ ಹೋಲಿಸುತ್ತಾರೆ. ಸುರಿಬಾಚಿ ಎಂದರೆ ಎಳ್ಳು ಮುಂತಾದವನ್ನು ಅರೆಯುವ ಮಣ್ಣಿನ ಪಾತ್ರೆ. ನಾವಾದರೆ ಒರಳು ಎನ್ನಬಹುದು. ನಡುವೆ ನೀರು, ಸುತ್ತ ಏರು. ಈ ಆಕಾರವೇ ಊರಿನ ಹಣೆಬರಹವನ್ನು ಬರೆದಿದೆ.

ಮೊದಲನೆಯದು ಬಂದರು. ಸುತ್ತ ಬೆಟ್ಟಗಳಿರುವುದರಿಂದ ಗಾಳಿ, ಅಲೆಗಳ ಹೊಡೆತ ಕಡಿಮೆ, ನೀರು ಆಳ. ಆದ್ದರಿಂದಲೇ 1571ರಲ್ಲಿ ಪೋರ್ಚುಗೀಸ್ ಹಡಗುಗಳಿಗೆ ಈ ಬಂದರು ತೆರೆಯಿತು. 1636ರಲ್ಲಿ ಸಮುದ್ರಕ್ಕೆ ಮಣ್ಣು ತುಂಬಿ ಬೀಸಣಿಗೆಯ ಆಕಾರದ ದೆಜಿಮಾ ಎಂಬ ಪುಟ್ಟ ದ್ವೀಪ ಕಟ್ಟಿದರು. ಪೋರ್ಚುಗೀಸರನ್ನು ಹೊರಹಾಕಿದ ಮೇಲೆ, 1641ರಿಂದ ಇನ್ನೂರಕ್ಕೂ ಹೆಚ್ಚು ವರ್ಷ ಯುರೋಪಿನವರಲ್ಲಿ ಡಚ್ಚರಿಗೆ ಮಾತ್ರ ವ್ಯಾಪಾರಕ್ಕೆ ಅವಕಾಶವಿತ್ತು, ಅದೂ ಈ ದ್ವೀಪದಲ್ಲಿ ಮಾತ್ರ. ಈಗ ದೆಜಿಮಾದ ಸುತ್ತ ಸಮುದ್ರವಿಲ್ಲ. ಮಣ್ಣು ತುಂಬಿ ತುಂಬಿ ಅದು ಊರೊಳಗೆ ಸೇರಿಹೋಗಿದೆ.

ಒಳ್ಳೆಯ ಬಂದರಿದ್ದಲ್ಲಿ ಹಡಗು ಕಟ್ಟುವ ಕಾರ್ಖಾನೆ ಬಂತು, ಅದರ ಹಿಂದೆಯೇ ಶಸ್ತ್ರಾಸ್ತ್ರದ ಕಾರ್ಖಾನೆಗಳೂ ಬಂದವು. ಯುದ್ಧದ ಹೊತ್ತಿಗೆ ಅವೇ ಊರನ್ನು ಗುರಿಯ ಪಟ್ಟಿಗೆ ಸೇರಿಸಿದವು.

ಬೆಟ್ಟದ ನೆರಳು

1945ರ ಆಗಸ್ಟ್ 9ರಂದು ಬಾಂಬು ಹೊತ್ತ ವಿಮಾನದ ಮೊದಲ ಗುರಿ ಕೊಕುರಾ ಎಂಬ ಬೇರೆ ಊರು. ಅಲ್ಲಿ ಮೋಡ, ಹೊಗೆ ಮುಸುಕಿ ಗುರಿ ಕಾಣದ್ದರಿಂದ ವಿಮಾನ ನಾಗಸಾಕಿಯತ್ತ ತಿರುಗಿತು. ಇಲ್ಲಿಯೂ ಮೋಡವಿತ್ತು. ಮೋಡದ ನಡುವೆ ಸಿಕ್ಕ ಸಂದಿಯಲ್ಲಿ ಬಾಂಬು ಹಾಕಿದರು. ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ ಅದು ಸಿಡಿಯಿತು. ಸಿಡಿದದ್ದು ಯೋಜನೆಯಂತೆ ಪೇಟೆಯ ಮೇಲಲ್ಲ. ಅಲ್ಲಿಂದ ಸುಮಾರು 3 ಕಿ.ಮೀ. ವಾಯವ್ಯಕ್ಕೆ, ಉರಾಕಾಮಿ ಕಣಿವೆಯ ಮೇಲೆ, ನೆಲದಿಂದ ಸುಮಾರು 500 ಮೀಟರ್ ಎತ್ತರದಲ್ಲಿ. ಅಂದರೆ ನಾವು ನಿಂತಿದ್ದ ಬೆಟ್ಟದ ತುದಿಗಿಂತಲೂ ಮೇಲೆ.

ಇಲ್ಲಿ ನಮ್ಮ ಭೌತಶಾಸ್ತ್ರ ಕೆಲಸಕ್ಕೆ ಬರುತ್ತದೆ. ಸ್ಫೋಟದ ಶಾಖ ಬೆಳಕಿನಂತೆ ನೇರವಾಗಿ ಸಾಗುತ್ತದೆ. ನಡುವೆ ಬೆಟ್ಟ ಅಡ್ಡ ಬಂದರೆ ಅದರ ಹಿಂದೆ ನೆರಳು ಬೀಳುತ್ತದೆ. ಗಾಳಿಯ ಹೊಡೆತ ಬೆಟ್ಟವನ್ನು ಬಳಸಿಕೊಂಡು ಬರಬಲ್ಲದು, ಆದರೆ ಬಲ ಕಳೆದುಕೊಂಡಿರುತ್ತದೆ. ಜೊತೆಗೆ ವಿಲೋಮ ವರ್ಗ ನಿಯಮ: ದೂರ ಮೂರು ಪಟ್ಟಾದರೆ ಶಾಖ ಒಂಬತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಬಾಂಬಿನ ಶಕ್ತಿ ಹಿರೋಷಿಮಾದಲ್ಲಿ ಸುಮಾರು 15 ಕಿಲೋಟನ್, ಇಲ್ಲಿ ಸುಮಾರು 21. ಹಿರೋಷಿಮಾ ಬಹುಮಟ್ಟಿಗೆ ಸಮತಟ್ಟಾದ ನೆಲ, ಅಡ್ಡಕ್ಕೆ ಇಂಥ ದೊಡ್ಡ ಬೆಟ್ಟಗಳಿರಲಿಲ್ಲ. ಇಲ್ಲಿ ಹಳೆಯ ಪೇಟೆಯ ಬಹುಭಾಗ ಕೊಂಪಿರಾ ಬೆಟ್ಟದ ನೆರಳಿನಲ್ಲಿತ್ತು. ಅಲ್ಲಿಯೂ ಗಾಜುಗಳು ಒಡೆದವು, ಕೆಲವೆಡೆ ಬೆಂಕಿ ಹಬ್ಬಿತು. ಆದರೂ ಕಲ್ಲಿನ ಸೇತುವೆ ಉಳಿಯಿತು.

ಆದರೆ ಇದನ್ನು ಅದೃಷ್ಟ ಎನ್ನಲು ನನಗೆ ಬಾಯಿ ಬರುವುದಿಲ್ಲ. ಪೇಟೆಗೆ ಗೋಡೆಯಾದ ಬೆಟ್ಟಗಳೇ ಉರಾಕಾಮಿಯನ್ನು ಒರಳಿನೊಳಗೆ ಕೂಡಿಹಾಕಿದ್ದವು. ಆಗ ಊರಿನ ಜನಸಂಖ್ಯೆ ಸುಮಾರು 2,40,000. ಆ ವರ್ಷದ ಕೊನೆಯೊಳಗೆ ಸುಮಾರು 74,000 ಜನ ಸತ್ತರು.

"ಖಾಲಾ, ಅಲ್ಲಿ ನೋಡಿ, ಅದು ಶಿರೋಯಾಮಾ" ಎಂದು ಅಕ್ಕನ ಮಗ ಕಣಿವೆಯ ಕಡೆ ಬೆರಳು ತೋರಿಸಿದ. ಸ್ಫೋಟದ ಕೆಳಗಿನ ಬಿಂದುವಿನಿಂದ ಸುಮಾರು 500 ಮೀಟರ್ ದೂರದಲ್ಲಿ ಶಿರೋಯಾಮಾ ಪ್ರಾಥಮಿಕ ಶಾಲೆಯಿದೆ. ಆ ಶಾಲೆಯ ಸುಮಾರು 1,400 ಮಕ್ಕಳು ಸತ್ತರೆಂದು ಅಂದಾಜು. ಹೆಚ್ಚಿನವರು ಆಗ ತಮ್ಮ ತಮ್ಮ ಮನೆಗಳಲ್ಲಿದ್ದರು. ಆ ದಿನ ಶಾಲೆಯ ಕಟ್ಟಡದಲ್ಲಿ ಶಸ್ತ್ರಾಸ್ತ್ರ ಕಾರ್ಖಾನೆಯ ಕಚೇರಿ ನಡೆಯುತ್ತಿತ್ತು. ಓದು ಬಿಡಿಸಿ ಅಲ್ಲಿ ಕೆಲಸಕ್ಕೆ ಹಚ್ಚಿದ್ದ ವಿದ್ಯಾರ್ಥಿನಿಯರಲ್ಲಿ ಹಯಾಶಿ ಕಯೋಕೊ ಒಬ್ಬಳು. ವಯಸ್ಸು 15. ಅವಳ ತಾಯಿ 1949ರಲ್ಲಿ ಶಾಲೆಯ ಅಂಗಳದಲ್ಲಿ ಮಗಳ ಮತ್ತು ಅವಳ ಜೊತೆಗಾರರ ನೆನಪಿಗೆ ಚೆರ್ರಿ ಸಸಿಗಳನ್ನು ನೆಟ್ಟರು. ಭಾವ ಇದನ್ನು ಹೇಳುವಾಗ ಅಮ್ಮಿ ನನ್ನ ಕೈ ಹಿಡಿದುಕೊಂಡಿದ್ದರು. ನನ್ನ ವಯಸ್ಸು 17.

ಮಳೆ ಮತ್ತು ದೀಪ

ಒರಳಿನ ಆಕಾರಕ್ಕೆ ಇನ್ನೊಂದು ಮುಖವೂ ಇದೆ. ಸಮತಟ್ಟು ನೆಲ ಸಾಲದ್ದರಿಂದ ಜನ ಬೆಟ್ಟದ ಮೈಮೇಲೆಯೇ ಮನೆ ಕಟ್ಟಿಕೊಂಡರು. ಮನೆಗಳ ನಡುವೆ ಕಾರು ಹೋಗದ ಕಿರು ಮೆಟ್ಟಿಲು ದಾರಿಗಳು. 1982ರ ಜುಲೈ 23ರ ರಾತ್ರಿ ಪಕ್ಕದ ನಾಗಯೋದಲ್ಲಿ ಒಂದೇ ಗಂಟೆಯಲ್ಲಿ 187 ಮಿ.ಮೀ. ಮಳೆ ಸುರಿಯಿತು. ಒಂದು ಗಂಟೆಯ ಮಳೆಯಲ್ಲಿ ಅದು ಜಪಾನಿನ ದಾಖಲೆ. ಬೆಟ್ಟದ ಮೈ ಕುಸಿದು, ನೀರೆಲ್ಲ ಒರಳಿನ ತಳಕ್ಕೆ ನುಗ್ಗಿತು. ಸತ್ತವರು ಮತ್ತು ಕಾಣೆಯಾದವರು 299 ಜನ. ಬಾಂಬಿನಿಂದ ಪಾರಾಗಿದ್ದ ಆ 1634ರ ಸೇತುವೆಯ ಒಂದು ಭಾಗ ಆ ರಾತ್ರಿ ಕೊಚ್ಚಿಹೋಯಿತು. ಆಮೇಲೆ ಅದನ್ನು ಮತ್ತೆ ಕಟ್ಟಿದ್ದಾರೆ. ಮಳೆಗಾಲದಲ್ಲಿ ಗುಡ್ಡ ಕುಸಿತದ ಸುದ್ದಿ ಕೇಳುತ್ತಲೇ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜಪಾನಿಗೆಲ್ಲ ಒಂದೇ ಗಡಿಯಾರ. ನಾಗಸಾಕಿ ದೇಶದ ಪಶ್ಚಿಮದ ಅಂಚಿನಲ್ಲಿರುವುದರಿಂದ ಇಲ್ಲಿ ಸೂರ್ಯ ತಡವಾಗಿ ಮುಳುಗುತ್ತಾನೆ. ನಾವಿದ್ದ ದಿನ ಏಳು ಗಂಟೆಯ ನಂತರವೇ ಕತ್ತಲಾದದ್ದು. ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ಸಮತಟ್ಟು ಊರಿನ ದೀಪಗಳು ದೂರ ಹೋದಂತೆ ಒಂದರ ಹಿಂದೆ ಒಂದು ಮರೆಯಾಗುತ್ತವೆ. ಇಲ್ಲಿ ಹಾಗಲ್ಲ, ಮನೆಗಳು ಇಳಿಜಾರಿನಲ್ಲಿ ಮೇಲೆ ಮೇಲೆ ಇರುವುದರಿಂದ ಪ್ರತಿ ದೀಪವೂ ಬೇರೆಯಾಗಿ ಕಾಣುತ್ತದೆ. 2012ರಲ್ಲಿ ಹಾಂಗ್‌ಕಾಂಗ್ ಮತ್ತು ಮೊನಾಕೊ ಜೊತೆಗೆ ನಾಗಸಾಕಿಯನ್ನು ವಿಶ್ವದ ಮೂರು ಹೊಸ ರಾತ್ರಿ ನೋಟಗಳಲ್ಲಿ ಒಂದೆಂದು ಆರಿಸಿದ್ದರು.

ಆದರೆ ಈ ನೋಟ ಯಾರೋ ಅಲಂಕಾರಕ್ಕೆ ಕಟ್ಟಿದ್ದಲ್ಲ. ಅಲ್ಲಿನ ಹೆಚ್ಚಿನ ದೀಪಗಳ ಹಿಂದೆ ಒಂದು ಸಂಸಾರವಿದೆ. ಈಗ ಯುವಜನ ಕೆಲಸಕ್ಕಾಗಿ ದೊಡ್ಡ ಊರುಗಳಿಗೆ ಹೋಗುತ್ತಿದ್ದಾರೆ. ಮೆಟ್ಟಿಲು ಹತ್ತಲಾರದ ವೃದ್ಧರು ಕೆಳಗಿಳಿದು ಬರುತ್ತಿದ್ದಾರೆ. ಬೆಟ್ಟದ ಮೇಲೆ ಖಾಲಿ ಮನೆಗಳು ಹೆಚ್ಚುತ್ತಿವೆ. ಊರಿನ ಜನಸಂಖ್ಯೆ ಈಗ ನಾಲ್ಕು ಲಕ್ಷಕ್ಕಿಂತ ಕಡಿಮೆ.

ಕಡಿಮೆಯಾಗುತ್ತಿರುವವರು ಇನ್ನೂ ಕೆಲವರಿದ್ದಾರೆ. ಹಿರೋಷಿಮಾ, ನಾಗಸಾಕಿಗಳಲ್ಲಿ ಬಾಂಬಿಗೆ ಸಿಕ್ಕಿ ಬದುಕುಳಿದವರನ್ನು ಹಿಬಾಕುಶಾ ಎನ್ನುತ್ತಾರೆ. ಅವರ ಸಂಘಟನೆಯಾದ ನಿಹೊನ್ ಹಿದಾಂಕ್ಯೊಗೆ 2024ರ ನೊಬೆಲ್ ಶಾಂತಿ ಪ್ರಶಸ್ತಿ ಬಂತು. 2025ರಲ್ಲಿ ಸರ್ಕಾರದ ದಾಖಲೆಯಲ್ಲಿರುವ ಹಿಬಾಕುಶಾಗಳ ಸಂಖ್ಯೆ ಮೊದಲ ಬಾರಿಗೆ ಒಂದು ಲಕ್ಷಕ್ಕಿಂತ ಕೆಳಗಿಳಿಯಿತು. ಅವರ ಸರಾಸರಿ ವಯಸ್ಸು 86 ದಾಟಿದೆ. ಕಣ್ಣಾರೆ ಕಂಡು ಹೇಳುವವರು ಇನ್ನು ಹೆಚ್ಚು ಕಾಲ ಇರುವುದಿಲ್ಲ.

ಕತ್ತಲಾದ ಮೇಲೆ ನಾನು ಉತ್ತರದ ಕಡೆ ನೋಡಿದೆ. ಉರಾಕಾಮಿಯ ದೀಪಗಳಿಗೂ ಪೇಟೆಯ ದೀಪಗಳಿಗೂ ಏನೂ ವ್ಯತ್ಯಾಸವಿಲ್ಲ. ಪಕ್ಕದಲ್ಲಿ ಫೋಟೊ ತೆಗೆಯುತ್ತಿದ್ದ ಪ್ರವಾಸಿಗರಿಗೆ ಎಲ್ಲವೂ ಒಂದೇ ಹೊಳಪು. ನನಗೂ ಹಾಗೆಯೇ ಕಾಣುತ್ತಿತ್ತು, ಎಂಟು ವರ್ಷದ ಹುಡುಗ ಬೆರಳು ತೋರಿಸದೆ ಇದ್ದಿದ್ದರೆ. ಅವನಿಗೆ ಹೇಗೆ ಗೊತ್ತು ಎಂದು ಕೇಳಿದೆ. ನಾಗಸಾಕಿಯ ಶಾಲೆಗಳು ಬೇಸಿಗೆ ರಜೆಯ ನಡುವೆಯೂ ಆಗಸ್ಟ್ 9ರಂದು ಮಕ್ಕಳನ್ನು ಕರೆಯುತ್ತವೆ. ಅಂದು ಪಾಠ ಇದೊಂದೇ. 11 ಗಂಟೆ 2 ನಿಮಿಷಕ್ಕೆ ಊರಿನಲ್ಲಿ ಸೈರನ್ ಕೂಗಿದಾಗ ಎಲ್ಲರೂ ಎದ್ದು ಮೌನವಾಗಿ ನಿಲ್ಲುತ್ತಾರೆ.

"ಈ ವರ್ಷವೂ ಹೋಗಬೇಕು" ಎಂದ ಅವನು, "ಮುಂದಿನ ವರ್ಷವೂ."