ಕನ್ನಡಿಯ ಚೂರಿನಿಂದ ಸೂರ್ಯನ ಅಳತೆ

ಬೇಸಗೆಯಲ್ಲಿ ಸೆಕೆ ಹೆಚ್ಚುವುದೇಕೆಂದು ಕೇಳಿದರೆ, ಆಗ ಸೂರ್ಯನು ಭೂಮಿಗೆ ಸಮೀಪನಾಗಿರುವುದರಿಂದ ಎಂದು ಉತ್ತರ ಕೊಡುವವರು ಕಾಲೇಜಿನ ತರಗತಿಗಳಲ್ಲಿಯೂ ಕಡಮೆಯಿಲ್ಲ. ಒಲೆಯ ಹತ್ತಿರ ಕುಳಿತವರಿಗೆ ಕಾವು ಹೆಚ್ಚು ತಗಲುವುದನ್ನು ಬಲ್ಲವರಿಗೆ ಈ ಉತ್ತರ ಸಹಜವಾಗಿಯೇ ತೋರುತ್ತದೆ. ಇದು ತಪ್ಪೆಂದು ಪುಸ್ತಕ ತೆರೆದು ತೋರಿಸಬಹುದು. ಆದರೆ ಪುಸ್ತಕದ ಮಾತನ್ನು ಒಪ್ಪುವುದು ಬೇರೆ, ತಾನೇ ಅಳೆದು ತಿಳಿಯುವುದು ಬೇರೆ. ಅಂಥ ಅಳತೆಗೆ ತಕ್ಕ ಉಪಕರಣವನ್ನು ರಜೆಯ ಒಂದು ಬೆಳಿಗ್ಗೆ ಯಾವ ವಿದ್ಯಾರ್ಥಿಯಾದರೂ ತಯಾರಿಸಿಕೊಳ್ಳಬಹುದು. ಅಂಗೈಗಿಂತ ಚಿಕ್ಕದಾದ ಚಪ್ಪಟೆ ಕನ್ನಡಿ, ಕಪ್ಪು ಕಾಗದ, ಬ್ಲೇಡು, ಅಂಟು, ಒಂದು ಹಿಡಿ ಜೇಡಿಮಣ್ಣು, ಬಿಳಿಯ ಕಾಗದ ಹಚ್ಚಿದ ರಟ್ಟು, ಅಳತೆಯ ಟೇಪು: ಸಾಮಗ್ರಿಯೆಲ್ಲ ಇಷ್ಟೆ.

ಮೊದಲು ಇದರ ಹಿಂದಿರುವ ತತ್ತ್ವವನ್ನು ನೋಡೋಣ. ಮರದ ಕೆಳಗೆ ಬಿದ್ದ ಬಿಸಿಲ ಬೊಟ್ಟುಗಳನ್ನು ಎಲ್ಲರೂ ಕಂಡಿದ್ದೇವೆ. ಎಲೆಗಳ ನಡುವಣ ಸಂದುಗಳು ಅಂಕುಡೊಂಕಾಗಿದ್ದರೂ ನೆಲದ ಮೇಲಿನ ಬೊಟ್ಟುಗಳು ದುಂಡಗಿರುತ್ತವೆ. ಏಕೆಂದರೆ ಅವು ಸಂದುಗಳ ಆಕಾರಗಳಲ್ಲ, ಸೂರ್ಯನ ಬಿಂಬಗಳು. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗುಗಳಲ್ಲಿ ಕಂಕಣಗ್ರಹಣ ಹಿಡಿದಾಗ ಇಂಥ ಬೊಟ್ಟುಗಳೆಲ್ಲ ಬಳೆಗಳಾಗಿ ಮಾರ್ಪಟ್ಟುದು ಇದಕ್ಕೆ ಸಾಕ್ಷಿ. ಹಂಪೆಯ ವಿರೂಪಾಕ್ಷ ದೇವಾಲಯದ ಒಳಗೋಡೆಯ ಮೇಲೆ ಗೋಪುರವು ತಲೆಕೆಳಗಾಗಿ ಮೂಡುವುದೂ ಇದೇ ನಿಯಮದಿಂದ.

ಚೌಕ ರಂಧ್ರದಿಂದ ದುಂಡು ಬಿಂಬ ಬರುವುದು ಹೇಗೆ? ಈ ಪ್ರಶ್ನೆ ಗ್ರೀಕರ ಕಾಲದಿಂದಲೂ ವಿದ್ವಾಂಸರನ್ನು ಕಾಡಿತ್ತು. 1604ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಕೆಪ್ಲರನು ಇದನ್ನು ಬಿಡಿಸಿದ ರೀತಿ ಬಹು ಸೊಗಸಾಗಿದೆ. ಅವನು ಒಂದು ಪುಸ್ತಕವನ್ನು ಎತ್ತರದಲ್ಲಿರಿಸಿ, ಅದರ ಮೂಲೆಯಿಂದ ದಾರವೊಂದನ್ನು ಇಳಿಬಿಟ್ಟು, ಹಲವು ಮೂಲೆಗಳುಳ್ಳ ಒಂದು ರಂಧ್ರದ ಅಂಚಿಗೆ ದಾರವನ್ನು ತಾಗಿಸುತ್ತ ಅದರ ತುದಿಯಿಂದ ನೆಲದ ಮೇಲೆ ಗೆರೆ ಎಳೆದನು. ರಂಧ್ರದ ಆಕಾರವೇ ಮೂಡಿತು. ಪುಸ್ತಕದ ಬೇರೆ ಬೇರೆ ಬಿಂದುಗಳಿಂದ ಹಾಗೆಯೇ ಮಾಡಲು ಅಂಥ ಆಕಾರಗಳು ಒಂದರ ಪಕ್ಕದಲ್ಲೊಂದು ಕೂಡಿ ಕೊನೆಗೆ ಪುಸ್ತಕದ ಆಕಾರವಾಯಿತು! ಬೆಳಕಿನ ಕಿರಣಕ್ಕೆ ಬದಲಾಗಿ ದಾರ, ಸೂರ್ಯನಿಗೆ ಬದಲಾಗಿ ಪುಸ್ತಕ. ಇದನ್ನು ಮನೆಯಲ್ಲಿ ಮಾಡಿ ನೋಡಲು ನಮ್ಮ ತರುಣ ವಾಚಕರಿಗೆ ಯಾವ ಅಡ್ಡಿಯೂ ಇಲ್ಲ.

ರಟ್ಟಿನ ಪೆಟ್ಟಿಗೆಗೆ ಸೂಜಿಯಿಂದ ತೂತು ಮಾಡಿ ಬಿಂಬ ನೋಡುವ ಆಟ ಹಳೆಯದು. ಮೋಜಿಗೆ ಅದು ಸರಿ, ಅಳತೆಗೆ ಸಾಲದು. 30 ಸೆಂಟಿಮೀಟರ್ ಉದ್ದದ ಪೆಟ್ಟಿಗೆಯಲ್ಲಿ ಸೂರ್ಯಬಿಂಬದ ಅಗಲ 3 ಮಿಲಿಮೀಟರಿನಷ್ಟೂ ಇರದು. ಬಿಂಬ ದೊಡ್ಡದಾಗಬೇಕಾದರೆ ದೂರ ಹೆಚ್ಚಬೇಕು. 1655ರಲ್ಲಿ ಇಟಲಿಯ ಬೊಲೋನ್ಯ ನಗರದ ಸಾನ್ ಪೆಟ್ರೋನಿಯೊ ಇಗರ್ಜಿಯಲ್ಲಿ ಕಸೀನಿ ಎಂಬ ಖಗೋಳಜ್ಞನು ಸುಮಾರು 27 ಮೀಟರ್ ಎತ್ತರದಲ್ಲಿ ರಂಧ್ರ ಮಾಡಿಸಿದನು. ನೆಲದ ಮೇಲೆ ಬೀಳುವ ಬಿಂಬವನ್ನು ಬೇರೆ ಬೇರೆ ಋತುಗಳಲ್ಲಿ ಅಳೆದು, ಸೂರ್ಯನ ದೂರದ ಏರಿಳಿತದ ವಿಷಯದಲ್ಲಿ ಕೆಪ್ಲರನ ಲೆಕ್ಕವೇ ಸರಿಯೆಂದು ಕಂಡನು. ಛಾವಣಿಗೆ ತೂತು ಕೊರೆಯಲು ನಮಗೆ ಯಾರೂ ಅನುಮತಿ ಕೊಡುವುದಿಲ್ಲ. ಆದುದರಿಂದ ಕನ್ನಡಿಯನ್ನು ಆಶ್ರಯಿಸೋಣ. ಕನ್ನಡಿಯ ಸಣ್ಣ ಭಾಗವೊಂದನ್ನು ಬಿಟ್ಟು ಉಳಿದುದನ್ನು ಮುಚ್ಚಿದರೆ ಆ ಭಾಗವೇ ರಂಧ್ರದ ಕೆಲಸ ಮಾಡುತ್ತದೆ.

ಕಪ್ಪು ಕಾಗದದಲ್ಲಿ 4 ಮಿಲಿಮೀಟರ್ ಚೌಕವನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು, ಕಾಗದವನ್ನು ಕನ್ನಡಿಗೆ ಅಂಟಿಸಿರಿ. ಚೌಕ ತೀರ ದೊಡ್ಡದಾದರೆ ಬಿಂಬದ ಅಂಚು ಮಸುಕಾಗುತ್ತದೆ. ತೀರ ಸಣ್ಣದಾದರೆ ಬೆಳಕಿನ ವಿವರ್ತನೆಯಿಂದ ಮತ್ತೆ ಮಸುಕು. 16 ಮೀಟರ್ ದೂರಕ್ಕೆ 4 ಮಿಲಿಮೀಟರ್ ಯೋಗ್ಯವಾದುದು. 4 ಮೀಟರಿಗಾದರೆ 2 ಸಾಕು. ಶಾಲೆಯ ಉದ್ದನೆಯ ಮೊಗಸಾಲೆ ಇದಕ್ಕೆ ಹೇಳಿ ಮಾಡಿಸಿದ ಸ್ಥಳ. ಬಿಸಿಲಿರುವ ತುದಿಯಲ್ಲಿ ಕನ್ನಡಿಯನ್ನು ಜೇಡಿಮಣ್ಣಿನ ಉಂಡೆಗೆ ಒತ್ತಿ ನಿಲ್ಲಿಸಿ, ಕತ್ತಲಿರುವ ತುದಿಯ ರಟ್ಟಿನ ಮೇಲೆ ಬೆಳಕು ಬೀಳುವಂತೆ ಓರೆ ಮಾಡಿರಿ. ರಟ್ಟು ಕಿರಣಕ್ಕೆ ಲಂಬವಾಗಿರಬೇಕು. ಹಾಗಿದ್ದಲ್ಲಿ ಬಿಂಬ ವೃತ್ತವಾಗಿಯೇ ಇರುತ್ತದೆ. ಸೂರ್ಯನು ದಿಗಂತದಿಂದ ಸಾಕಷ್ಟು ಮೇಲೇರಿದ ಬಳಿಕವೇ ಅಳೆಯತಕ್ಕದ್ದು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ರಟ್ಟಿನ ಕಡೆಯಿಂದ ಕನ್ನಡಿಯತ್ತ ನೋಡುವುದು ಸೂರ್ಯನನ್ನೇ ದಿಟ್ಟಿಸಿದಂತೆ. ಕಣ್ಣಿನ ಅಕ್ಷಿಪಟಲ ಸುಟ್ಟರೆ ಮತ್ತೆ ಸರಿಹೋಗುವ ಭರವಸೆಯಿಲ್ಲ. ಬಿಂಬವನ್ನು ನೋಡಬೇಕೆ ಹೊರತು ಕನ್ನಡಿಯನ್ನಲ್ಲ. ಅಳೆಯುವವರು ರಟ್ಟಿನ ಪಕ್ಕದಲ್ಲಿ, ಕನ್ನಡಿಗೆ ಬೆನ್ನು ಮಾಡಿ ನಿಲ್ಲತಕ್ಕದ್ದು. ಅಳತೆ ಮುಗಿಯುವವರೆಗೆ ಮೊಗಸಾಲೆಯಲ್ಲಿ ಯಾರೂ ಓಡಾಡದಂತೆ ಒಬ್ಬರು ಕಾವಲಿರುವುದು ಅಗತ್ಯ.

ರಟ್ಟಿನ ಮೇಲೆ ಸುಮಾರು 15 ಸೆಂಟಿಮೀಟರ್ ಅಗಲದ ಬಿಂಬ ಕಂಡೊಡನೆ ಅದು ಮೆಲ್ಲಗೆ ಸರಿಯುತ್ತಿರುವುದೂ ಕಾಣುತ್ತದೆ. ಎರಡು ನಿಮಿಷದಲ್ಲಿ ಅದು ತನ್ನಷ್ಟೇ ಅಗಲ ಜರುಗುತ್ತದೆ. ಭೂಮಿ ತಿರುಗುತ್ತಿರುವುದನ್ನು ಇಷ್ಟು ನಿಚ್ಚಳವಾಗಿ ತೋರಿಸುವ ಸಾಧನ ಬೇರೆ ವಿರಳ. ಸರಿಯುವ ದಿಕ್ಕಿಗೆ ಅಡ್ಡಲಾಗಿ ಎರಡು ಅಂಚುಗಳನ್ನೂ ಪೆನ್ಸಿಲಿನಿಂದ ಗುರುತಿಸಿ, ಮಸುಕಿನ ನಡುವಿನಿಂದ ನಡುವಿಗೆ ಅಳೆಯಿರಿ. ಹತ್ತು ಸಲ ಅಳೆದು ಸರಾಸರಿ ತೆಗೆಯುವುದು ಅವಶ್ಯ. ಸರಾಸರಿ 149 ಮಿಲಿಮೀಟರ್ ಬಂದಿತೆನ್ನೋಣ. ಆಗ ಕನ್ನಡಿಯಿಂದ ರಟ್ಟಿಗಿರುವ ದೂರ ಬಿಂಬದ ಅಗಲದ 107 ಪಟ್ಟು. ಸಮರೂಪ ತ್ರಿಕೋನಗಳ ನಿಯಮದಂತೆ ಸೂರ್ಯನ ದೂರವೂ ಅವನ ವ್ಯಾಸದ 107 ಪಟ್ಟು. ಸರಾಸರಿ ದೂರವಾದ 14 ಕೋಟಿ 96 ಲಕ್ಷ ಕಿಲೋಮೀಟರನ್ನು 107ರಿಂದ ಭಾಗಿಸಿದರೆ ಸೂರ್ಯನ ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರ್ ಎಂದಾಗುತ್ತದೆ.

ಇನ್ನು ಮೊದಲಿನ ಪ್ರಶ್ನೆ. ಭೂಮಿಯ ಕಕ್ಷೆ ದೀರ್ಘವೃತ್ತ. ಜನವರಿಯ ಮೊದಲ ವಾರದಲ್ಲಿ ಸೂರ್ಯನು 14 ಕೋಟಿ 71 ಲಕ್ಷ ಕಿಲೋಮೀಟರ್ ದೂರದಲ್ಲಿಯೂ ಜುಲೈಯ ಮೊದಲ ವಾರದಲ್ಲಿ 15 ಕೋಟಿ 21 ಲಕ್ಷ ಕಿಲೋಮೀಟರ್ ದೂರದಲ್ಲಿಯೂ ಇರುತ್ತಾನೆ. ಜುಲೈಯಲ್ಲಿ ಮಲೆನಾಡು ಕರಾವಳಿಗಳವರಿಗೆ ಸೂರ್ಯದರ್ಶನವೇ ದುರ್ಲಭ. ಆದುದರಿಂದ ಮಳೆ ಹಿಡಿಯುವ ಮುಂಚೆ, ಮೇ ಕೊನೆಯಲ್ಲಿ, ಅಳೆದರೂ ನಡೆಯುತ್ತದೆ. ಚಳಿಯ ಜನವರಿಯಲ್ಲಿ ಬಿಂಬ 151 ಮಿಲಿಮೀಟರಿಗೆ ತುಸು ಮೇಲೆ. ಬಿರುಬಿಸಿಲಿನ ಮೇ ಕೊನೆಯಲ್ಲಿ 147ಕ್ಕೆ ತುಸು ಕಡಮೆ. ಸೆಕೆಗಾಲದಲ್ಲಿ ಸೂರ್ಯನು ದೂರ ಸರಿದಿರುವುದು ಹೀಗೆ ರಟ್ಟಿನ ಮೇಲೆಯೇ ಮೂಡುತ್ತದೆ. ಭೂಮಿಗೆ ಒಟ್ಟಾರೆ ದೊರೆಯುವ ಬಿಸಿಲು ಜುಲೈಗಿಂತ ಜನವರಿಯಲ್ಲಿಯೇ ನೂರಕ್ಕೆ ಸುಮಾರು 7ರಷ್ಟು ಹೆಚ್ಚು. ಆದರೂ ನಮಗೆ ಚಳಿಯಾಗುವುದು ಭೂಮಿಯ ಅಕ್ಷ ಇಪ್ಪತ್ತಮೂರೂವರೆ ಡಿಗ್ರಿ ವಾಲಿರುವುದರಿಂದ. ಜನವರಿಯಲ್ಲಿ ನಮ್ಮ ಭಾಗದ ಬಿಸಿಲು ಓರೆಯಾಗಿ ಬೀಳುತ್ತದೆ, ಹಗಲೂ ಚಿಕ್ಕದು. ಏಪ್ರಿಲ್ ಉತ್ತರಾರ್ಧದಿಂದ ಮೇ ನಡುವಿನವರೆಗೆ ಕರ್ನಾಟಕದ ಊರುಗಳಲ್ಲಿ ದಕ್ಷಿಣದಿಂದ ಉತ್ತರಕ್ಕೆ ಒಂದೊಂದಾಗಿ ನಡುಹಗಲ ಸೂರ್ಯನು ನೆತ್ತಿಯ ನೇರಕ್ಕೆ ಬರುತ್ತಾನೆ.

ಎರಡು ಅಳತೆಗಳ ವ್ಯತ್ಯಾಸ ನಾಲ್ಕೂವರೆ ಮಿಲಿಮೀಟರ್ ಮಾತ್ರ. ಅಂಚಿನ ಮಸುಕೂ ಹೆಚ್ಚುಕಡಮೆ ಅಷ್ಟೇ ಇದೆ. ಹಾಗಾಗಿ ಎರಡು ಸಲವೂ ಅದೇ ಕನ್ನಡಿ, ಅದೇ ಚೌಕ, ಅದೇ ದೂರ ಇರಬೇಕು. ಕನ್ನಡಿ ಮತ್ತು ರಟ್ಟು ಇದ್ದ ಸ್ಥಳಗಳನ್ನು ನೆಲದ ಮೇಲೆ ಬಣ್ಣದಿಂದ ಗುರುತು ಮಾಡಿಡಿರಿ. ದೂರದಲ್ಲಿ ಅರ್ಧ ಮೀಟರ್ ತಪ್ಪಿದರೆ ಆರು ತಿಂಗಳ ವ್ಯತ್ಯಾಸವೆಲ್ಲ ಅದರಲ್ಲಿಯೇ ಮುಳುಗಿಹೋಗುತ್ತದೆ. ಒಂದು ಸೆಂಟಿಮೀಟರ್ ತಪ್ಪಿದರೆ ಬಾಧಕವಿಲ್ಲ. ಪೆನ್ಸಿಲ್ ಗುರುತುಗಳಿರುವ ಕಾಗದವನ್ನು ದಿನಾಂಕ ಬರೆದು ಮುಂದಿನ ಅಳತೆಯವರೆಗೆ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.