ಮೂಳೆಗೆ ಕಡಲಕಳೆ: ಹಿತಮಿತವಿದ್ದರಷ್ಟೇ ಲಾಭ

ಜಪಾನ್, ಕೊರಿಯಾಗಳ ನಿತ್ಯದ ಆಹಾರವಾದ ಕಡಲಕಳೆ ನಮ್ಮ ನಗರಗಳ ಅಂಗಡಿಗಳಿಗೂ ಕಾಲಿಟ್ಟಿದೆ. ಮೂಳೆ ಸವೆತಕ್ಕೆ ಇದು ಮದ್ದೆಂಬ ಮಾತೂ ಜೊತೆಗೇ ಬಂದಿದೆ. ಇದರಲ್ಲಿ ನಿಜವೆಷ್ಟು?

ವಾಕಮೆ ಎಂಬ ಕಂದು ಕಡಲಕಳೆಯ 100 ಗ್ರಾಂ ಹಸಿ ಎಲೆಯಲ್ಲಿ ಸುಮಾರು 150 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮೂಳೆಗೆ ಅಗತ್ಯವಾದ ಮೆಗ್ನೀಸಿಯಂ, 'ಕೆ' ಜೀವಸತ್ವಗಳೂ ಇವೆ. ಆದರೆ ಒಂದು ಬಟ್ಟಲು ಸೂಪಿಗೆ ಬಳಕೆಯಾಗುವುದು ಕೆಲವೇ ಗ್ರಾಂ. ವಯಸ್ಕರಿಗೆ ದಿನಕ್ಕೆ ಬೇಕಾದ ಕ್ಯಾಲ್ಸಿಯಂ 1000 ಮಿಲಿಗ್ರಾಂ. ನಮ್ಮದೇ ರಾಗಿಯ 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ದೊರೆಯುತ್ತದೆ. ಕಡಲಕಳೆಯಿಂದ ಮೂಳೆ ಮುರಿತ ತಪ್ಪುತ್ತದೆಂಬುದು ಸಾಬೀತಾಗಿಲ್ಲ.

ಅತಿಯಾದರೆ ಅಪಾಯವೂ ಉಂಟು. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಸಾಕು. ಕೊಂಬು ಎಂಬ ಕಡಲಕಳೆಯ ಒಂದೇ ಗ್ರಾಂ ಒಣ ಚೂರಿನಲ್ಲಿ ಇದರ ಹಲವು ಪಟ್ಟು ಇರಬಲ್ಲದು. ಅಯೋಡಿನ್ ಹೆಚ್ಚಾದರೆ ಥೈರಾಯ್ಡ್ ಗ್ರಂಥಿ ಏರುಪೇರಾಗುತ್ತದೆ. ಅದರ ಸ್ರಾವ ಅತಿಯಾದರೆ ಮೂಳೆಯೇ ಸವೆಯುತ್ತದೆ. ಹಿಜಿಕಿ ಎಂಬ ಬಗೆಯಲ್ಲಿ ಆರ್ಸೆನಿಕ್ ಇರುವುದರಿಂದ ಅದನ್ನು ತಿನ್ನಬಾರದೆಂದು ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ 2004ರಲ್ಲಿ ಎಚ್ಚರಿಸಿತ್ತು.

ಥೈರಾಯ್ಡ್ ತೊಂದರೆ ಇರುವವರು, ಗರ್ಭಿಣಿಯರು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳಿಯೇ ಬಳಸುವುದು ಒಳಿತು. ಉಳಿದವರಿಗೆ ಕಡಲಕಳೆ ಅಪರೂಪಕ್ಕೊಮ್ಮೆ ಸವಿಯುವ ಖಾದ್ಯವಾಗಬಹುದು. ಮೂಳೆಯ ಔಷಧಿಗೆ ಬದಲಿಯಾಗದು.